ಐದು ತಿಂಗಳು ಅಮೆರಿಕ, ಏಳು ತಿಂಗಳು ಬ್ರಹ್ಮಾವರ: ಯಾವ ಕಾರು ತೆಗೆದುಕೊಳ್ಳಲಿ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 66. ಮನೆ ಬ್ರಹ್ಮಾವರದ ಹತ್ತಿರ. ಮಗಳು ಅಮೆರಿಕದಲ್ಲಿದ್ದಾಳೆ, ಪ್ರತಿ ವರ್ಷ ಮೇ ಕೊನೆಗೆ ಹೋಗಿ ಅಕ್ಟೋಬರ್ ಕೊನೆಗೆ ವಾಪಸ್ ಬರುತ್ತೇವೆ. ಊರಲ್ಲಿದ್ದಾಗ ಉಡುಪಿ ಪೇಟೆ, ಮಣಿಪಾಲದ ಆಸ್ಪತ್ರೆ, ನೆಂಟರ ಮನೆ, ಅಪರೂಪಕ್ಕೆ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ. ಎಲ್ಲ ಸೇರಿ ವರ್ಷಕ್ಕೆ 4,000 ಕಿ.ಮೀ. ಆದರೆ ಹೆಚ್ಚು. ಈಗಿನ ಕಾರಿಗೆ 15 ವರ್ಷ ತುಂಬುತ್ತಿದೆ. 6 ಲಕ್ಷದೊಳಗೆ ಬೇರೆ ಕಾರು ನೋಡುತ್ತಿದ್ದೇನೆ. ಹೆಂಡತಿಗೆ ಮಂಡಿನೋವು, ನನಗೂ ಕ್ಲಚ್ ತುಳಿಯುವುದು ಸಾಕಾಗಿದೆ. ಅಳಿಯ ಎಲೆಕ್ಟ್ರಿಕ್ ತೆಗೆದುಕೊಳ್ಳಿ ಎನ್ನುತ್ತಾರೆ. ತಮ್ಮನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಆಗಬಹುದು, ಮೈಲೇಜ್ ಬರುತ್ತದೆ ಅಂತ ಒತ್ತಾಯ. ಮಳೆಗಾಲ ಪೂರ್ತಿ ಕಾರು ನಿಂತಲ್ಲೇ ನಿಂತಿರುತ್ತದಲ್ಲ, ಅದೇ ನನ್ನ ಚಿಂತೆ. ಅಮೆರಿಕದಲ್ಲೂ ಒಂದು ಹಳೇ ಕಾರು ಇಟ್ಟುಕೊಂಡರೆ ಹೇಗೆ?

ಉತ್ತರ: ನಮಸ್ಕಾರ. ನಿಮ್ಮ ತಮ್ಮ ಮೈಲೇಜ್ ನೋಡುತ್ತಿದ್ದಾರೆ, ಅಳಿಯ ಕಿಲೋಮೀಟರಿಗೆ ಎಷ್ಟು ಖರ್ಚು ಎಂದು ನೋಡುತ್ತಿದ್ದಾರೆ. ದಿನಾ ಓಡಿಸುವವರಿಗೆ ಎರಡೂ ಸರಿಯಾದ ಲೆಕ್ಕವೇ. ವರ್ಷಕ್ಕೆ 4,000 ಕಿ.ಮೀ. ಓಡಿಸಿ ಐದು ತಿಂಗಳು ನಿಲ್ಲಿಸುವ ನಿಮಗೆ ಮಾತ್ರ ಅವು ಹೊಂದುವುದಿಲ್ಲ. ನಿಮ್ಮ ಕಾರಿನ ಖರ್ಚನ್ನು ನಿರ್ಧರಿಸುವುದು ಓಡಿದ ಕಿಲೋಮೀಟರ್ ಅಲ್ಲ, ಕ್ಯಾಲೆಂಡರ್.

ಒಂದು ಲೆಕ್ಕ ಹಾಕೋಣ. 6 ಲಕ್ಷದ ಹೊಸ ಕಾರು ತೆಗೆದುಕೊಂಡಿರಿ ಎನ್ನಿ. ಕಾರಿನ ಬೆಲೆ ವರ್ಷ ವರ್ಷ ಎಷ್ಟು ಇಳಿಯುತ್ತದೆ ಎನ್ನುವುದಕ್ಕೆ ವಿಮಾ ಕಂಪನಿಗಳು ಬಳಸುವ ಒಂದು ಪಟ್ಟಿ ಇದೆ. ಆರು ತಿಂಗಳು ದಾಟಿದ ಕಾರಿಗೆ ಶೇ. 15, ಒಂದು ವರ್ಷ ದಾಟಿದರೆ ಶೇ. 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50 ಇಳಿಕೆ. ಐದು ವರ್ಷ ತುಂಬುವ ಹೊತ್ತಿಗೆ ನಿಮ್ಮ 6 ಲಕ್ಷದಲ್ಲಿ 3 ಲಕ್ಷ ಹೋಯಿತು. ಅಷ್ಟರಲ್ಲಿ ನೀವು ಓಡಿಸಿರುವುದು 20,000 ಕಿ.ಮೀ. ಅಂದರೆ ಬೆಲೆ ಇಳಿದದ್ದೇ ಕಿಲೋಮೀಟರಿಗೆ 15 ರೂಪಾಯಿ ಬಿತ್ತು. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದು ಹಿಡಿದರೂ ಇಂಧನಕ್ಕೆ ಆಗುವುದು 7 ರೂಪಾಯಿ. ಮೈಲೇಜನ್ನು 15ರಿಂದ 20ಕ್ಕೆ ಏರಿಸಿದರೆ ಕಿಲೋಮೀಟರಿಗೆ ಎರಡು ರೂಪಾಯಿಯೂ ಉಳಿಯುವುದಿಲ್ಲ. ಚೆನ್ನಾಗಿ ಇಟ್ಟುಕೊಂಡ, ಕಡಿಮೆ ಓಡಿದ ಕಾರಿಗೆ ಮಾರುವಾಗ ಈ ಪಟ್ಟಿಗಿಂತ ಒಂದಿಷ್ಟು ಜಾಸ್ತಿ ಸಿಗಬಹುದು. ಆದರೂ ಕಾರು ಶೆಡ್ಡಿನಲ್ಲಿದ್ದ ಐದು ತಿಂಗಳನ್ನು ಕೊಳ್ಳುವವರು ಲೆಕ್ಕಕ್ಕೆ ಹಿಡಿಯದೆ ಬಿಡುವುದಿಲ್ಲ.

ವಾರಂಟಿ, ಫ್ರೀ ಸರ್ವಿಸ್, ಟಯರ್, ಬ್ಯಾಟರಿ, ವಿಮೆ ಎಲ್ಲದರ ಕಥೆಯೂ ಇದೇ. ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಅಂತ ಬರೆದಿರುತ್ತದೆ. ನಿಮ್ಮ ವಿಷಯದಲ್ಲಿ ಯಾವಾಗಲೂ ತಿಂಗಳೇ ಮೊದಲು ಮುಗಿಯುತ್ತದೆ.

ಹಾಗಾಗಿ ಹೊಸ ಕಾರು ಬೇಡ. ಎರಡರಿಂದ ನಾಲ್ಕು ವರ್ಷದೊಳಗಿನ, ಒಬ್ಬರೇ ಓನರ್ ಇದ್ದ, ಟರ್ಬೊ ಇಲ್ಲದ, ಚಿಕ್ಕ ಪೆಟ್ರೋಲ್ ಕಾರು ನೋಡಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಹೊಸದೇ ಅಗ್ಗವಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಹೌದು, ಅಗ್ಗವಾಗಿದೆ. ಆದರೆ ಕರ್ನಾಟಕದಲ್ಲಿ 6 ಲಕ್ಷದ ಆಸುಪಾಸಿನ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 14, ಅದರ ಮೇಲೆ ಸೆಸ್ ಬೇರೆ. ಆ ದುಡ್ಡು ಮೊದಲ ದಿನವೇ ಹೋಗುತ್ತದೆ. ಮೂರು ವರ್ಷದ ಕಾರಾದರೆ ತೆರಿಗೆಯನ್ನೂ ಮೊದಲ ವರ್ಷಗಳ ದೊಡ್ಡ ಇಳಿಕೆಯನ್ನೂ ಮೊದಲಿನ ಓನರೇ ಹೊತ್ತು ಆಗಿರುತ್ತದೆ. ಹೊಸದರ ಬೆಲೆ ಇಳಿದ ಮೇಲೆ ಹಳೆಯದರದ್ದೂ ಇಳಿಯಲೇಬೇಕು. ಚೌಕಾಸಿಗೆ ಕೂತಾಗ ಅದೇ ಮಾಡೆಲ್‌ನ ಈಗಿನ ಶೋರೂಮ್ ಬೆಲೆ ನಿಮ್ಮ ಕೈಯಲ್ಲಿರಲಿ.

ಡೀಸೆಲ್ ವಿಷಯ ಬೇಗ ಮುಗಿಸುತ್ತೇನೆ. ಬಿಎಸ್6, ಅಂದರೆ ಈಗಿನ ಹೊಗೆ ನಿಯಮಕ್ಕೆ ತಕ್ಕಂತೆ ಮಾಡಿದ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಒಂದಷ್ಟು ಹೊತ್ತು ಓಡಬೇಕು. ಮನೆಯಿಂದ ಪೇಟೆ, ಪೇಟೆಯಿಂದ ಮನೆ ಎನ್ನುವ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚು ದೊಡ್ಡದು. ತಮ್ಮನಿಗೆ ದಯವಿಟ್ಟು ಬೇಡ ಎಂದೇ ಹೇಳಿ. ಸಿಎನ್‌ಜಿಯೂ ನಿಮಗಲ್ಲ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಬೇಕು, ವಿಮಾನ ನಿಲ್ದಾಣಕ್ಕೆ ಒಯ್ಯುವ ಸೂಟ್‌ಕೇಸ್ ಇಡಲು ಡಿಕ್ಕಿಯಲ್ಲಿ ಜಾಗವೂ ಕಷ್ಟ.

ಅಳಿಯನ ಮಾತನ್ನು ಹಾಗೆ ತಳ್ಳಿಹಾಕಲಾರೆ. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಟ್ಯಾಂಕಿನಲ್ಲಿ ಹಳಸುವ ಪೆಟ್ರೋಲ್ ಇಲ್ಲ, ಕ್ಲಚ್ಚೂ ಇಲ್ಲ. ನಿಮ್ಮ ಮಂಡಿಗೂ ಸುಖ. ಆದರೆ ಎಲೆಕ್ಟ್ರಿಕ್‌ನಲ್ಲಿ ದುಡ್ಡು ಉಳಿಯುವುದು ಓಡಿಸಿದರೆ ಮಾತ್ರ. ವರ್ಷಕ್ಕೆ 4,000 ಕಿ.ಮೀ.ಗೆ ನಿಮಗೆ ಉಳಿಯುವುದು ಹೆಚ್ಚೆಂದರೆ ಇಪ್ಪತ್ತೈದು ಸಾವಿರದೊಳಗೆ. ಅದರ ದೊಡ್ಡ ಬ್ಯಾಟರಿಯಾದರೋ ನಿಂತಲ್ಲೇ ವಯಸ್ಸಾಗುವ ವಸ್ತು. ಪೂರ್ತಿ ಚಾರ್ಜ್ ಮಾಡಿ ಸೆಕೆಯಲ್ಲಿ ಇಟ್ಟರಂತೂ ಬೇಗ. ಸಾಮಾನ್ಯವಾಗಿ ಅದಕ್ಕೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಾರೆ. ಎಂಟು ವರ್ಷ ಮುಗಿದಾಗ ನೀವು ಮೂವತ್ತು ಸಾವಿರ ಚಿಲ್ಲರೆ ಕಿ.ಮೀ. ಓಡಿಸಿರುತ್ತೀರಿ. ನಿಮ್ಮ ಬಜೆಟ್‌ಗೆ ಸಿಗುವ ಚಿಕ್ಕ ಬ್ಯಾಟರಿಯ ಕಾರುಗಳಲ್ಲಿ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗಿ ಅದೇ ಚಾರ್ಜಿನಲ್ಲಿ ನೆಮ್ಮದಿಯಾಗಿ ವಾಪಸ್ ಬರುವುದೂ ಕಷ್ಟ. ನೀವು ವರ್ಷಪೂರ್ತಿ ಊರಲ್ಲೇ ಇದ್ದು ದಿನಾ ಉಡುಪಿಗೆ ಹೋಗಿಬರುವವರಾಗಿದ್ದರೆ ನಾನೂ ಅಳಿಯನ ಪಕ್ಷವೇ ಹಿಡಿಯುತ್ತಿದ್ದೆ. ಅವರ ಮಾತು ಕೇಳಿ ಎಲೆಕ್ಟ್ರಿಕ್ಕೇ ತೆಗೆದುಕೊಂಡರೆ, ಹೊರಡುವಾಗ ಚಾರ್ಜನ್ನು ಶೇ. 50–60ರಲ್ಲಿ ಬಿಡಿ, ಪ್ಲಗ್ ತೆಗೆದಿಡಿ. ಅದರೊಳಗೂ ಮಾಮೂಲಿ ಕಾರಿನಂತೆ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಇರುತ್ತದೆ, ಅದು ಇಳಿದರೆ ಕಾರು ಏಳುವುದೇ ಇಲ್ಲ ಎನ್ನುವುದು ನೆನಪಿರಲಿ.

ಈಗ ಮಾಡೆಲ್. ನಿಮ್ಮ ಮನೆಯವರ ಮಂಡಿಯೇ ಇಲ್ಲಿ ತೀರ್ಪುಗಾರ. ಸೀಟು ಅವರ ಸೊಂಟದ ಮಟ್ಟಕ್ಕಿದ್ದರೆ ಕೂರಲು ಬಗ್ಗಬೇಕಿಲ್ಲ, ಏಳಲು ತಿಣುಕಬೇಕಿಲ್ಲ. ಸೆಡಾನ್‌ಗಳು ಇಲ್ಲೇ ಬಿದ್ದುಹೋಗುತ್ತವೆ. ಉಳಿಯುವುದು ವ್ಯಾಗನ್ ಆರ್, ಟಾಟಾ ಪಂಚ್, ಇಗ್ನಿಸ್ ತರಹದವು. ವ್ಯಾಗನ್ ಆರ್ 1.2 ಲೀಟರ್ ಎಎಂಟಿ (ಕ್ಲಚ್ ತುಳಿಯಬೇಕಿಲ್ಲದ್ದು) ಕರಾವಳಿಯ ಯಾವ ಗ್ಯಾರೇಜಿನಲ್ಲೂ ರಿಪೇರಿಯಾಗುತ್ತದೆ, ಬಿಡಿಭಾಗ ಅಂದೇ ಸಿಗುತ್ತದೆ, ಮಾರುವಾಗ ಗಿರಾಕಿ ಕಾಯುತ್ತಿರುತ್ತಾರೆ. ಆದರೆ 2023ರಲ್ಲಿ ಪ್ರಕಟವಾದ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಅದಕ್ಕೆ ಸಿಕ್ಕಿದ್ದು ಒಂದೇ ಸ್ಟಾರ್. 2021ರಲ್ಲಿ ಬಂದ ಪಂಚ್‌ಗೆ ಐದು. ನಿಮ್ಮ ಮನೆಯಿಂದ ಹೊರಟರೆ ರಾಷ್ಟ್ರೀಯ ಹೆದ್ದಾರಿ 66 ಹತ್ತಲೇಬೇಕು. ಅಲ್ಲಿ ಬಸ್ಸು, ಟ್ಯಾಂಕರ್‌ಗಳು ಯಾವ ವೇಗದಲ್ಲಿ ಬರುತ್ತವೆ ಎಂದು ನಾನು ಹೇಳಬೇಕಿಲ್ಲ. ನನ್ನನ್ನು ಕೇಳಿದರೆ ಪಂಚ್ ಎಎಂಟಿ. ಅದರ ಬಾಗಿಲು ತೊಂಬತ್ತು ಡಿಗ್ರಿಯಷ್ಟು ತೆರೆಯುತ್ತದೆ, ಕಾಲು ಮಡಚಲು ಕಷ್ಟಪಡುವವರಿಗೆ ಇದು ದೊಡ್ಡ ಉಪಕಾರ. ಕೊಳ್ಳುವ ಮೊದಲು ಮನೆಯವರನ್ನು ಕರೆದುಕೊಂಡು ಹೋಗಿ, ಐದು ಸಲ ಹತ್ತಿ ಇಳಿಯಲಿ. ಐದನೇ ಸಲ ಮುಖ ಕಿವುಚದಿದ್ದರೆ ಸರಿ.

ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚನ್ನು ಯಂತ್ರ ಒತ್ತುತ್ತದೆ ಅಷ್ಟೆ. ಗೇರ್ ಬೀಳುವಾಗ ಸಣ್ಣ ಎಳೆತ ಇರುತ್ತದೆ, ಒಂದು ವಾರದಲ್ಲಿ ಒಗ್ಗುತ್ತದೆ. ಘಾಟಿಯ ತಿರುವಿನಲ್ಲಿ ನಿಲ್ಲಬೇಕಾಗಿ ಬಂದರೆ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆಹಿಡಿಯಬೇಡಿ, ಕ್ಲಚ್ ಸುಡುತ್ತದೆ. ಬ್ರೇಕ್ ಒತ್ತಿಯೇ ನಿಲ್ಲಿ.

ತಯಾರಾದ ತಿಂಗಳನ್ನು ನೋಡದೆ ಮುಂಗಡ ಕೊಡಬೇಡಿ. ಬಂಕುಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೆಂದು ಮಾಡದ ರಬ್ಬರ್ ಪೈಪು, ಸೀಲುಗಳನ್ನು ಕೆಡಿಸುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಇದನ್ನು ತಡೆಯುವ ಭಾಗಗಳಿವೆ. ವರ್ಷದಲ್ಲಿ ಐದು ತಿಂಗಳು ಅದೇ ಪೆಟ್ರೋಲ್ ಟ್ಯಾಂಕಿನಲ್ಲಿ ಕೂರುವ ನಿಮ್ಮಂಥವರು ಅದಕ್ಕಿಂತ ಹಳೆಯದಕ್ಕೆ ಹೋಗದಿರುವುದೇ ಒಳ್ಳೆಯದು.

ಕಾರನ್ನು ಕರ್ನಾಟಕದೊಳಗೇ ಹುಡುಕಿ. ದೆಹಲಿಯದು ಅಗ್ಗ ಎಂದು ತಂದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮರುನೋಂದಣಿ, ಇಲ್ಲಿನ ತೆರಿಗೆ ಎಲ್ಲ ಸೇರಿ ಅಗ್ಗ ಉಳಿಯುವುದಿಲ್ಲ. ನೀರು ಹೊಕ್ಕ ಕಾರಿನ ಬಗ್ಗೆ ಎಚ್ಚರ. 2018ರ ಕೇರಳದ ನೆರೆ, 2022ರ ಬೆಂಗಳೂರಿನ ನೆರೆಯಲ್ಲಿ ಎಷ್ಟು ಕಾರು ಮುಳುಗಿದ್ದವು ಎಂದು ಎಲ್ಲರೂ ನೋಡಿದ್ದೇವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಮೇಲಿನ ಭಾಗ ಶುಭ್ರವಾಗಿದ್ದು ಒಳಗಿನ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ಮುಳುಗಿ ಎದ್ದದ್ದು. ಸ್ಟೆಪ್ನಿ ತೆಗೆದು ಅದರ ಗುಂಡಿಯನ್ನೂ ಬೆರಳಿನಿಂದ ಸವರಿ. ಕರಾವಳಿಯಲ್ಲೇ ಓಡಿದ ಕಾರಾದರೆ ಜಾಕಿ ಮೇಲೆ ಏರಿಸಿ ಅಡಿಭಾಗದ ತುಕ್ಕು ನೋಡದೆ ಮಾತು ಮುಗಿಸಬೇಡಿ. ಟಯರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 1523 ಎಂದಿದ್ದರೆ 2023ರ 15ನೇ ವಾರದಲ್ಲಿ ತಯಾರಾದದ್ದು. ನಿಮ್ಮ ಕಾರಿನ ಟಯರ್ ಸವೆದು ಹೋಗುವುದಿಲ್ಲ, ರಬ್ಬರ್ ಒಣಗಿ ಸೀಳುತ್ತದೆ. ಐದಾರು ವರ್ಷವಾದರೆ ಗೆರೆ ಎಷ್ಟೇ ಆಳ ಇರಲಿ, ಬದಲಿಸಿ.

ಕೊಳ್ಳುವುದು ನವೆಂಬರಿನಲ್ಲಿ. ಇದನ್ನು ಒತ್ತಿ ಹೇಳುತ್ತೇನೆ. ಏಪ್ರಿಲಿನಲ್ಲಿ ಕೊಂಡರೆ ಎರಡು ತಿಂಗಳೊಳಗೆ ಅದನ್ನು ಶೆಡ್ಡಿಗೆ ಹಾಕಿ ಹೊರಡುತ್ತೀರಿ. ಸೆಕೆಂಡ್ ಹ್ಯಾಂಡ್ ಡೀಲರ್ ಕೊಟ್ಟ ಆರು ತಿಂಗಳ ವಾರಂಟಿ ಮಳೆಯಲ್ಲೇ ಮುಗಿಯುತ್ತದೆ, ಏನಾದರೂ ದೋಷವಿದ್ದರೂ ಗೊತ್ತಾಗುವುದು ವಾಪಸ್ ಬಂದ ಮೇಲೆ. ಊರಿಗೆ ಬಂದ ಕೂಡಲೇ ಕೊಂಡು, ವಿಮೆಯನ್ನೂ ಆಗಲೇ ಹೊಸದಾಗಿ ಮಾಡಿಸಿದರೆ ನವೀಕರಣದ ತಾರೀಖು ಪ್ರತಿ ವರ್ಷ ನೀವು ಇಲ್ಲಿರುವಾಗಲೇ ಬರುತ್ತದೆ. ಹೊಗೆ ತಪಾಸಣೆಯನ್ನೂ ಅದೇ ತಿಂಗಳು ಮಾಡಿಸಿ; ಬಿಎಸ್6 ಕಾರಿಗೆ ಅದು ಒಂದು ವರ್ಷ ನಡೆಯುತ್ತದೆ.

ವಿಮೆಯಲ್ಲಿ ನಿಮಗೆ ಲಾಭದ ಎರಡು ಸಂಗತಿ ಇವೆ. ಹಳೆಯ ಕಾರಿನ ಪಾಲಿಸಿಯಲ್ಲಿ ಕ್ಲೇಮ್ ಮಾಡದೆ ಬಂದಿದ್ದರೆ ಶೇ. 50ರವರೆಗೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಕೂಡಿರಬಹುದು. ಅದು ಕಾರಿನದಲ್ಲ, ನಿಮ್ಮದು. ಹಳೆಯದನ್ನು ಮಾರಿದಾಗ ವಿಮಾ ಕಂಪನಿಯಿಂದ ಅದಕ್ಕೆ ಪತ್ರ ಕೇಳಿ ಪಡೆಯಿರಿ. ಮೂರು ವರ್ಷದೊಳಗೆ ಇನ್ನೊಂದು ಕಾರಿಗೆ ಬಳಸಬಹುದು. ಎಷ್ಟೋ ಜನ ಇದನ್ನು ಕೇಳದೆ ಕಳೆದುಕೊಳ್ಳುತ್ತಾರೆ. ಇನ್ನೊಂದು, ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ವ್ಯವಸ್ಥೆ. 2022ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಇದಕ್ಕೆ ಅನುಮತಿ ಕೊಟ್ಟಿತು. ವರ್ಷಕ್ಕೆ ಇಷ್ಟೇ ಕಿ.ಮೀ. ಎಂದು ಒಪ್ಪಿಕೊಂಡರೆ ಸ್ವಂತ ಹಾನಿಯ, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿಯ ಭಾಗದ ಪ್ರೀಮಿಯಂ ಇಳಿಯುತ್ತದೆ. ಇದು ನಿಮ್ಮಂಥವರಿಗೆಂದೇ ಮಾಡಿದ್ದು.

ನಿಂತ ಕಾರಿಗೆ ವಿಮೆ ಯಾಕೆ ಎಂದು ಬಿಟ್ಟುಬಿಡುವವರಿದ್ದಾರೆ. ಶೆಡ್ಡಿನ ಮೇಲೆ ಮರ ಬೀಳುವುದು, ಅಂಗಳಕ್ಕೆ ನೀರು ನುಗ್ಗುವುದು, ಕಳ್ಳತನ ಎಲ್ಲ ನಡೆಯುವುದು ಮಳೆಗಾಲದಲ್ಲೇ. ನವೀಕರಣ ತಪ್ಪಿ 90 ದಿನ ದಾಟಿದರೆ ಕೂಡಿಟ್ಟ ಬೋನಸ್ಸೂ ಹೋಗುತ್ತದೆ. ಇಲಿ ವೈರ್ ಕಡಿದರೆ ಕೊಡುತ್ತೀರಾ ಎಂದು ಪಾಲಿಸಿ ಮಾಡಿಸುವಾಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇನ್ನು ನಿಮ್ಮ ಮುಖ್ಯ ಚಿಂತೆ. ಉಡುಪಿ ಕಡೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ನೀವು ಇಲ್ಲದ ತಿಂಗಳುಗಳಲ್ಲೇ. ಯಾವ ಕಂಪನಿಯ ಕಾರು ಎನ್ನುವುದಕ್ಕಿಂತ, ನೀವಿಲ್ಲದಾಗ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದು ದೊಡ್ಡ ಪ್ರಶ್ನೆ.

ಬ್ಯಾಟರಿಯನ್ನೇ ನೋಡಿ. ಕೀ ತೆಗೆದು ಬೀಗ ಹಾಕಿದ ಮೇಲೂ ಗಡಿಯಾರ, ಅಲಾರಂ, ಲಾಕ್ ಇವೆಲ್ಲ ಸೇರಿ 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತಲೇ ಇರುತ್ತವೆ. ದಿನಕ್ಕೆ 0.72 ಆಂಪಿಯರ್ ಅವರ್. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್‌ನದು. ಒಂದು ತಿಂಗಳಿಗೆ 21 ಖಾಲಿಯಾದರೆ ಸ್ಟಾರ್ಟ್ ಆಗುವುದೇ ಅನುಮಾನ. ಐದು ತಿಂಗಳಾದರೆ ಬ್ಯಾಟರಿ ಸತ್ತೇ ಹೋಗಿರುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಓಡಿಸುವವರು ಯಾರೂ ಇಲ್ಲದಿದ್ದರೆ ಹೊರಡುವ ದಿನ 10ನೇ ನಂಬರ್ ಸ್ಪ್ಯಾನರ್‌ನಿಂದ ಕಪ್ಪು ತಂತಿಯ, ಅಂದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಆಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಕೀಯಿಂದಲೇ ಬೀಗ ಹಾಕಬೇಕು. ಐದು ತಿಂಗಳು ಚಾರ್ಜರ್ ಸಿಕ್ಕಿಸಿ ಹೋಗುವುದು ನಮ್ಮ ಕರಾವಳಿಯ ಗುಡುಗು ಸಿಡಿಲಿಗೆ ಹೇಳಿದ್ದಲ್ಲ.

ಇದಕ್ಕಿಂತ ಒಳ್ಳೆಯದು, ನಂಬಿಕೆಯವರೊಬ್ಬರು ಹದಿನೈದು ದಿನಕ್ಕೊಮ್ಮೆ, ಮಳೆ ಹೊಳವಾದ ದಿನ ನೋಡಿ, ಕಾರನ್ನು ಇಪ್ಪತ್ತು ಕಿ.ಮೀ. ಓಡಿಸಿ ತರುವುದು. ಗೇಟಿನೊಳಗೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುವುದರಿಂದ ಉಪಯೋಗವಿಲ್ಲ, ಹಾನಿಯೇ ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ಹುಟ್ಟಿದ ನೀರಾವಿ ಆಯಿಲ್‌ನಲ್ಲೇ ಉಳಿಯುತ್ತದೆ. ರಸ್ತೆಯಲ್ಲಿ ಓಡಿದರೆ ಎಂಜಿನ್ ಒಣಗುತ್ತದೆ, ಬ್ರೇಕ್ ಡಿಸ್ಕಿನ ತುಕ್ಕು ಉಜ್ಜಿಹೋಗುತ್ತದೆ, ಟಯರ್ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ, ಎಸಿ ಹಾಕಿದರೆ ಒಳಗಿನ ತೇವವೂ ಹೋಗುತ್ತದೆ. ಓಡಿಸುವವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದು, ನಿಮ್ಮ ಒಪ್ಪಿಗೆಯಿಂದ ಓಡಿಸಿದರೆ ವಿಮೆ ಅನ್ವಯಿಸುತ್ತದೆ. ಪಕ್ಕದ ಮನೆಯ ಹುಡುಗನಾಗಲಿ, ನಿಮ್ಮ ಗ್ಯಾರೇಜಿನವರಾಗಲಿ, ತಿಂಗಳಿಗೆ ಒಂದಿಷ್ಟು ಎಂದು ದುಡ್ಡು ಮಾತಾಡಿಕೊಳ್ಳಿ. ಉಪಕಾರಕ್ಕೆ ಒಪ್ಪಿದವರು ಆಟಿ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಮರೆತುಬಿಡುತ್ತಾರೆ.

ಹೊರಡುವ ಮೊದಲು ಟ್ಯಾಂಕ್ ಭರ್ತಿ ಮಾಡಿ. ಖಾಲಿ ಜಾಗ ಕಡಿಮೆಯಿದ್ದಷ್ಟೂ ತೇವದ ಗಾಳಿಯೂ ಕಡಿಮೆ. ಟಯರಿಗೆ ನಾಲ್ಕೈದು ಪೌಂಡ್ ಹೆಚ್ಚು ಗಾಳಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಮ್ಯಾಟ್‌ಗಳನ್ನು ತೆಗೆದು ಮನೆಯೊಳಗಿಡಿ, ಮಳೆಗಾಲದಲ್ಲಿ ಬೂಸ್ಟು ಶುರುವಾಗುವುದೇ ಅಲ್ಲಿಂದ. ಸೀಟಿನ ಸಂದಿಯಲ್ಲಿ ತಿಂಡಿಯ ಒಂದು ಚೂರೂ ಉಳಿಯಬಾರದು. ಗದ್ದೆಗೆ ನೀರು ತುಂಬಿದಾಗ ಇಲಿಗಳು ಒಣ ಜಾಗ ಹುಡುಕಿಕೊಂಡು ಬರುತ್ತವೆ, ಬಾನೆಟ್ ಒಳಗಿನ ಬೆಚ್ಚಗಿನ ಕತ್ತಲು ಅವಕ್ಕೆ ಬಹಳ ಹಿಡಿಸುತ್ತದೆ. ನೋಡಿಕೊಳ್ಳುವವರಿಗೆ ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ನೋಡಲು ಹೇಳಿ. ಶೆಡ್ಡಿಗೆ ಶೀಟಿನ ಮಾಡು ಇದ್ದರೆ ಸಾಕು. ಪ್ಲಾಸ್ಟಿಕ್ ಕವರ್ ಮಾತ್ರ ಹೊದಿಸಬೇಡಿ, ತೇವ ಒಳಗೇ ಕಟ್ಟಿ ಬಣ್ಣ ಗುಳ್ಳೆ ಏಳುತ್ತದೆ. ತೆಂಗಿನ ಮರದ ಬುಡ ಬೇಡ ಎಂದು ನಿಮಗೆ ಹೇಳಬೇಕಿಲ್ಲ.

ಅಮೆರಿಕದಲ್ಲಿ ನಿಮ್ಮದೇ ಕಾರು ಖಂಡಿತ ಬೇಡ. ಅಲ್ಲೊಂದು ಇಟ್ಟರೆ ಉಳಿದ ಏಳು ತಿಂಗಳು ಅದು ನಿಂತಿರುತ್ತದೆ, ಇದೇ ತಾಪತ್ರಯ ಡಾಲರಿನಲ್ಲಿ. ಓಡಿಸುವ ಆಸೆಯಿದ್ದರೆ ಹೊರಡುವ ಮೊದಲು ಉಡುಪಿ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಪ್ರವಾಸಿಗರಿಗೆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಮಗಳು ಅಲ್ಲಿಯದನ್ನು ನೋಡಿಕೊಳ್ಳಲಿ. ಅವಳ ಕಾರಿನ ವಿಮಾ ಕಂಪನಿಗೆ ನೀವು ಓಡಿಸುತ್ತೀರಿ ಎಂದು ಮೊದಲೇ ತಿಳಿಸಲಿ. ನಿಮ್ಮ ಇಲ್ಲಿನ ಲೈಸೆನ್ಸ್ ತಾರೀಖನ್ನೂ ನೋಡಿ. 55 ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಿಸುತ್ತಾರೆ. ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು.

ಇನ್ನೊಂದು ಮಾತು, ಕೊಳ್ಳುವ ಮೊದಲೇ ಯೋಚಿಸಿ. ಬೆಲೆಯ ಇಳಿಕೆ, ವಿಮೆ, ಸರ್ವಿಸ್, ನೋಡಿಕೊಳ್ಳುವವರ ಸಂಬಳ, ಪೆಟ್ರೋಲ್ ಎಲ್ಲ ಸೇರಿ ನಿಮ್ಮ ಕಾರಿಗೆ ವರ್ಷಕ್ಕೆ ಲಕ್ಷದ ಹತ್ತಿರ ಹತ್ತಿರ ಆಗುತ್ತದೆ. ಆ ದುಡ್ಡಿಗೆ ಪರಿಚಯದ ಟ್ಯಾಕ್ಸಿಯವರನ್ನು ಕರೆದರೆ ಏಳು ತಿಂಗಳು ನಿಮ್ಮ ಓಡಾಟವೆಲ್ಲ ನಡೆಯಬಹುದು, ತುಕ್ಕು ಇಲಿಗಳ ಚಿಂತೆಯೂ ಇಲ್ಲ. ನಡುರಾತ್ರಿ ಮಣಿಪಾಲಕ್ಕೆ ಹೋಗಬೇಕಾಗಿ ಬಂದರೆ ಕರೆದ ಹತ್ತು ನಿಮಿಷದಲ್ಲಿ ಬರುವವರು ನಿಮ್ಮ ಹತ್ತಿರದಲ್ಲಿ ಇದ್ದಾರೆಯೇ? ಇದ್ದರೆ ಒಂದು ಚಳಿಗಾಲ ಕಾರಿಲ್ಲದೆ ಕಳೆದು ನೋಡಿ, ಆಮೇಲೆ ತೀರ್ಮಾನಿಸಿ. ಇಲ್ಲವೆಂದಾದರೆ ಕಾರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಕಾರು ತೆಗೆದುಕೊಂಡರೆ ಆರ್‌ಸಿಗೆ ಜೋಡಿಸುವ ಮೊಬೈಲ್ ನಂಬರ್ ಅಮೆರಿಕದಲ್ಲೂ ಚಾಲೂ ಇರುವಂಥದ್ದಾಗಿರಲಿ. ದಂಡದ ನೋಟಿಸು, ವಿಮೆಯ ನೆನಪೋಲೆ, ಮುಂದೆ ಮಾರುವಾಗಿನ ಓಟಿಪಿ ಎಲ್ಲ ಅದಕ್ಕೇ ಬರುತ್ತವೆ. ಹಳೆಯ ಕಾರನ್ನು ಮಾರಿದ ದಿನವೇ ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಹೆಸರು ಬದಲಾದದ್ದನ್ನು ಸರ್ಕಾರದ ಪರಿವಾಹನ್ ತಾಣದಲ್ಲಿ ಕಣ್ಣಾರೆ ನೋಡಿಕೊಂಡೇ ವಿಮಾನ ಹತ್ತಿ. ಅಲ್ಲಿಯವರೆಗೆ ಆ ಕಾರು ಎಲ್ಲಿ ಯಾರಿಗೆ ಗುದ್ದಿದರೂ ದಾಖಲೆಯಲ್ಲಿ ಓನರ್ ನೀವೇ.